ಲಾರಿಗೆ ದೋಣಿ ಕಟ್ಟುವವರಿಗೆ ಒಂದು ಮಾತು

2021ರಿಂದ ನೋಡ್ತಾ ಇದ್ದೀನಿ, ಆ ಚಿತ್ರ ಆರು ತಿಂಗಳಿಗೊಮ್ಮೆ ಎಲ್ಲಿಂದಲೋ ತೇಲಿಕೊಂಡು ಬರುತ್ತೆ. ನೀಲಿ ಸಮುದ್ರ. ಅದರ ಮೇಲೆ ರಾಜಗಾಂಭೀರ್ಯದಿಂದ ಕೂತಿರುವ ಸಿ-130 ಹರ್ಕ್ಯುಲಿಸ್ ವಿಮಾನ. ಹೊಟ್ಟೆಯ ಕೆಳಗೆ ಎರಡು ಉದ್ದನೆಯ ದೋಣಿಗಳು. ಚಿತ್ರದ ಜೊತೆಗೆ ಒಂದು ಸಾಲು: "ಅಮೆರಿಕದವರ ತಲೆ ನೋಡಿ! ನಮ್ಮವರು ಯಾವಾಗ ಹೀಗೆ ಯೋಚನೆ ಮಾಡೋದು?"

ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಅದು ಫೋಟೋ ಅಲ್ಲ, ಕಂಪ್ಯೂಟರಿನಲ್ಲಿ ಬರೆದ ಚಿತ್ರ. ಅಂಥ ವಿಮಾನ ಇವತ್ತಿನವರೆಗೆ ಒಂದೂ ಹಾರಿಲ್ಲ, ಒಂದೂ ತೇಲಿಲ್ಲ. ತೇಲುತ್ತಿರುವುದು ಚಿತ್ರ ಮಾತ್ರ.

ಚಿತ್ರದ ಮೇಲೆ ನನಗೇನೂ ಸಿಟ್ಟಿಲ್ಲ ಬಿಡಿ, ಚೆನ್ನಾಗೇ ಇದೆ. ನನ್ನ ತಕರಾರು ಇರೋದು ಅದರ ಜೊತೆಗಿನ ಆ ಸಾಲಿನ ಬಗ್ಗೆ. "ಇರೋ ಸರಕು ವಿಮಾನಕ್ಕೇ ಎರಡು ದೋಣಿ ಕಟ್ಟಿದರಾಯ್ತು, ನೆಲದಲ್ಲೂ ಇಳಿಯುತ್ತೆ, ನೀರಲ್ಲೂ ಇಳಿಯುತ್ತೆ, ಹೊಸ ವಿಮಾನಕ್ಕೆ ಯಾಕೆ ದುಡ್ಡು ಸುರೀಬೇಕು?" ಅನ್ನುವ ಮಾತು ನಮ್ಮ ನಡುವೆ ಎಷ್ಟು ಸಲೀಸಾಗಿ ಓಡಾಡ್ತಿದೆ ಅಂದರೆ, ಯಾರಾದರೂ ಒಂದು ಸಲ ಕೂತು ಲೆಕ್ಕ ಹಾಕಿದ್ದಾರಾ ಅಂತ ಅನುಮಾನ ಬರುತ್ತೆ. ನನ್ನ ವಾದ ಒಂದೇ ಸಾಲಿನದು: ದೋಣಿಗೆ ಗಾಲಿ ಹಾಕಬಹುದು, ಲಾರಿಗೆ ದೋಣಿ ಕಟ್ಟಬಾರದು. ಎಂಬತ್ತು ವರ್ಷಗಳ ಇತಿಹಾಸ ಇದನ್ನೇ ಹೇಳುತ್ತಿದೆ. ನಾವು ಕೇಳಿಸಿಕೊಳ್ಳದೇ ಇದ್ದರೆ ಅದರ ಬೆಲೆ ತೆರುವವರು ಈ ಚಿತ್ರ ಕಳಿಸುವವರಲ್ಲ, ಸಮುದ್ರದ ಮಧ್ಯೆ ಸಿಕ್ಕಿಹಾಕಿಕೊಂಡವರು.

ಮೊದಲು ಅವರ ಕಡೆಯ ವಾದವನ್ನು ನ್ಯಾಯವಾಗಿ ಇಡೋಣ. ಎದುರಾಳಿಯನ್ನು ಪೆದ್ದ ಅಂತ ತೋರಿಸಿ ಗೆಲ್ಲೋದು ಗೆಲುವಲ್ಲ.

2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಯುಪಡೆಯ ವಿಶೇಷ ಕಾರ್ಯಾಚರಣೆ ವಿಭಾಗ ಈ ಯೋಜನೆಯನ್ನು ಪ್ರಕಟಿಸಿತು. ಅವರ ಹತ್ತಿರ ಇರುವ ಎಂಸಿ-130ಜೆ ಅನ್ನುವ ಹರ್ಕ್ಯುಲಿಸ್ ಮಾದರಿಗೆ, ಬೇಕಾದಾಗ ಜೋಡಿಸಿ ಬೇಡವಾದಾಗ ಬಿಚ್ಚಿಡಬಹುದಾದ ಫ್ಲೋಟ್‌ಗಳನ್ನು ಹಾಕುವುದು. ಕಾರಣ ಪೆಸಿಫಿಕ್ ಸಾಗರ. ಅಲ್ಲಿ ದ್ವೀಪಗಳು ಸಾವಿರ, ರನ್‌ವೇಗಳು ಬೆರಳೆಣಿಕೆ. ಇರುವ ರನ್‌ವೇಗಳನ್ನು ಯುದ್ಧದ ಮೊದಲ ದಿನವೇ ಚೀನಾ ಕ್ಷಿಪಣಿಗಳಿಂದ ಒಡೆದುಹಾಕಬಹುದು. ಆದರೆ ಸಮುದ್ರವನ್ನು ಯಾರೂ ಒಡೆಯಲಾರರು, ಅದೇ ಕೊನೆಯಿಲ್ಲದ ರನ್‌ವೇ. ಇನ್ನು ಹರ್ಕ್ಯುಲಿಸ್ ಅಂದರೆ 1954ರಿಂದ ಹಾರುತ್ತಿರುವ, ಎರಡು ಸಾವಿರಕ್ಕೂ ಹೆಚ್ಚು ತಯಾರಾದ ವಿಮಾನ. ಪೈಲಟ್ ಇದ್ದಾನೆ, ಮೆಕ್ಯಾನಿಕ್ ಇದ್ದಾನೆ, ಬಿಡಿಭಾಗ ಇದೆ. ರೆಕ್ಕೆ ಮೇಲುಗಡೆ ಇದೆ, ಪ್ರೊಪೆಲ್ಲರ್‌ಗಳು ನೀರಿನಿಂದ ದೂರ. ಇಷ್ಟೆಲ್ಲ ಇದ್ದ ಮೇಲೆ ಇನ್ನೇನು ಬೇಕು?

ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಹದಿನೇಳು ತಿಂಗಳಲ್ಲಿ ಹಾರಿಸಿ ತೋರಿಸುತ್ತೇವೆ ಅಂದಿದ್ದರು. 2022ರ ಕೊನೆ ಬಂತು, ಆಗಲಿಲ್ಲ. 2023 ಅಂದರು, ಅದೂ ಹೋಯಿತು. 2024ರ ಹೊತ್ತಿಗೆ ದುಡ್ಡಿಲ್ಲ ಅಂತ ಯೋಜನೆಯನ್ನೇ ಪಕ್ಕಕ್ಕೆ ಸರಿಸಿದರು. ಜಗತ್ತಿನಲ್ಲೇ ಅತಿ ಹೆಚ್ಚು ರಕ್ಷಣಾ ಬಜೆಟ್ ಇರುವ ದೇಶಕ್ಕೆ "ದುಡ್ಡಿಲ್ಲ" ಅನ್ನಿಸಿತು ಅಂದರೆ ಅರ್ಥ ಒಂದೇ: ಇದಕ್ಕೆ ಹಾಕುವಷ್ಟು ದುಡ್ಡಿಲ್ಲ. ಅಗ್ಗದ ಉಪಾಯ ಅಂತ ಶುರುವಾದದ್ದು, ಅಗ್ಗವಲ್ಲ ಅಂತ ಗೊತ್ತಾದ ಕೂಡಲೇ ನಿಂತುಹೋಯಿತು. ಆ ನಿಂತುಹೋದ ಸುದ್ದಿಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡಲ್ಲ ನೋಡಿ!

ಈಗ ಲೆಕ್ಕಕ್ಕೆ ಬರೋಣ. ಗಾಬರಿಯಾಗಬೇಡಿ, ಹೈಸ್ಕೂಲಿನ ಆರ್ಕಿಮಿಡೀಸ್ ಸಾಕು.

ಸಿ-130ಜೆ ವಿಮಾನ ತುಂಬಿಕೊಂಡು ಮೇಲೇರುವಾಗ ಅದರ ತೂಕ ಸುಮಾರು 70 ಟನ್. ಅದನ್ನು ತೇಲಿಸಬೇಕಾದರೆ 70 ಟನ್ ನೀರನ್ನು, ಅಂದರೆ 70,000 ಲೀಟರ್ ನೀರನ್ನು, ಪಕ್ಕಕ್ಕೆ ತಳ್ಳಬೇಕು. ಅಷ್ಟಕ್ಕೇ ಫ್ಲೋಟ್ ಮಾಡಿದರೆ ಅದು ಅಂಚಿನವರೆಗೆ ಮುಳುಗಿಕೊಂಡೇ ಇರುತ್ತೆ, ಒಂದು ಅಲೆ ಬಂದರೆ ಕಥೆ ಮುಗೀತು. ಅದಕ್ಕೇ ಅಮೆರಿಕದ ನಾಗರಿಕ ವಿಮಾನ ನಿಯಮಗಳು ಶೇಕಡಾ 80ರಷ್ಟು ಹೆಚ್ಚುವರಿ ತೇಲುವ ಶಕ್ತಿ ಬೇಕು ಅನ್ನುತ್ತವೆ. ಜೊತೆಗೆ ಪ್ರತಿ ಫ್ಲೋಟಿನಲ್ಲಿ ಕನಿಷ್ಠ ಐದು ನೀರು ನುಗ್ಗದ ಕೋಣೆಗಳು. ಸೇನೆಯವರು ಈ ನಿಯಮ ಪಾಲಿಸಲೇಬೇಕು ಅಂತೇನಿಲ್ಲ, ಆದರೆ ಸಮುದ್ರಕ್ಕೆ ಸೇನೆ ಯಾವುದು ನಾಗರಿಕ ಯಾವುದು ಅಂತ ಗೊತ್ತಾಗಲ್ಲ. 70,000ಕ್ಕೆ ಶೇಕಡಾ 80 ಸೇರಿಸಿ: 1,26,000 ಲೀಟರ್.

ಬೆಂಗಳೂರಿನವರಿಗೆ ಅರ್ಥವಾಗುವ ಹಾಗೆ ಹೇಳಬೇಕಂದ್ರೆ, ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುತ್ತಲ್ಲ, 6,000 ಲೀಟರಿನ ನೀರಿನ ಟ್ಯಾಂಕರ್, ಅಂಥವು ಇಪ್ಪತ್ತೊಂದು. ಇಪ್ಪತ್ತೊಂದು ಖಾಲಿ ಟ್ಯಾಂಕರಿನಷ್ಟು ಗಾತ್ರದ ತಗಡಿನ ಡಬ್ಬಗಳನ್ನು ವಿಮಾನದ ಕೆಳಗೆ ನೇತುಹಾಕಿಕೊಂಡು ಗಾಳಿಯಲ್ಲಿ ಎಳೆದುಕೊಂಡು ಹೋಗಬೇಕು. ಅವುಗಳ ಸ್ವಂತ ತೂಕ ಬೇರೆ. ನೆಲದಲ್ಲೂ ಇಳಿಯಬೇಕಾದರೆ ಅವುಗಳೊಳಗೆ ಗಾಲಿ, ಗಾಲಿ ಒಳಗೆಳೆಯುವ ಯಂತ್ರ. ಇದೆಲ್ಲದರ ತೂಕ ಎಲ್ಲಿಂದ ಕಳೀತೀರಿ? ಹೊರುವ ಸಾಮಾನಿನಿಂದ, ಇಲ್ಲವೇ ತುಂಬಿಸುವ ಇಂಧನದಿಂದ. ದೂರದ ದ್ವೀಪಕ್ಕೆ ಜಾಸ್ತಿ ಸಾಮಾನು ಒಯ್ಯಲಿ ಅಂತ ಶುರುಮಾಡಿದ್ದು, ಹತ್ತಿರದ ದ್ವೀಪಕ್ಕೆ ಕಮ್ಮಿ ಸಾಮಾನು ಒಯ್ಯುವ ಹಾಗಾಯ್ತು.

ಎರಡನೆಯದು, ತೇಲೋದು ಬೇರೆ, ನೀರಿನಿಂದ ಏಳೋದು ಬೇರೆ. ಮನೇಲಿ ಒಂದು ಪ್ರಯೋಗ ಮಾಡಿ. ನಲ್ಲಿ ಬಿಟ್ಟು, ಬೀಳುತ್ತಿರುವ ನೀರಿಗೆ ಚಮಚದ ಉಬ್ಬಿದ ಬೆನ್ನನ್ನು ಮೆಲ್ಲಗೆ ತಾಗಿಸಿ. ನೀರು ಚಮಚವನ್ನು ತಳ್ಳುತ್ತೆ ಅಂದುಕೊಂಡಿರ್ತೀರಿ, ಆದರೆ ಅದು ತನ್ನೊಳಕ್ಕೆ ಎಳೆದುಕೊಳ್ಳುತ್ತೆ. ನೀರಿನ ಮೇಲೆ ಓಡುವ ವಿಮಾನದ ದುಂಡಗಿನ ಹೊಟ್ಟೆಗೂ ಇದೇ ಗತಿ. ವೇಗ ಹೆಚ್ಚಾದಷ್ಟೂ ನೀರು ಬಿಡಲ್ಲ. ಅದಕ್ಕೇ ಹಾರುವ ದೋಣಿಗಳ ತಳ ಚೂಪಾಗಿರುತ್ತೆ, ನಡುವೆ ಒಂದು ಮೆಟ್ಟಿಲು ಇರುತ್ತೆ. ಆ ಮೆಟ್ಟಿಲಿನ ಹಿಂದೆ ಗಾಳಿ ನುಗ್ಗಿ ನೀರಿನ ಹಿಡಿತ ತಪ್ಪಿಸುತ್ತೆ. ಮೆಟ್ಟಿಲು ಎಲ್ಲಿರಬೇಕು, ಎಷ್ಟು ಎತ್ತರ ಇರಬೇಕು, ವಿಮಾನದ ತೂಕದ ಕೇಂದ್ರಕ್ಕೆ ಎಷ್ಟು ದೂರ ಇರಬೇಕು, ಇದೆಲ್ಲ ಮೊದಲ ಗೆರೆ ಎಳೆಯುವಾಗಲೇ ತೀರ್ಮಾನವಾಗಬೇಕು. ಸ್ವಲ್ಪ ತಪ್ಪಿದರೂ ವಿಮಾನ ನೀರಿನ ಮೇಲೆ ಹಂದಿಮೀನಿನ ಹಾಗೆ ಮೇಲೆ ಕೆಳಗೆ ಕುಪ್ಪಳಿಸೋಕೆ ಶುರುಮಾಡುತ್ತೆ.

ಮೂರನೆಯದು ವೇಗ. ಹರ್ಕ್ಯುಲಿಸ್ ಇಳಿಯೋಕೆ ಬರುವುದು ಗಂಟೆಗೆ 200 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ. ಮಣ್ಣಿನ ರನ್‌ವೇಗೆ ಅದು ಸರಿ. ಆದರೆ ಆ ವೇಗದಲ್ಲಿ ಅಲೆ ಅಂದರೆ ನೀರಲ್ಲ, ಗೋಡೆ. ಜಪಾನಿನ ಯುಎಸ್-2 ಅನ್ನುವ ವಿಮಾನ ಸಮುದ್ರಕ್ಕೆ ಇಳಿಯುವುದು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗದಲ್ಲಿ. ವೇಗ ಅರ್ಧವಾದರೆ ಏಟು ಕಾಲು ಭಾಗಕ್ಕೆ ಇಳಿಯುತ್ತೆ, ಇದೂ ಹೈಸ್ಕೂಲ್ ಪಾಠವೇ. ಅಷ್ಟು ನಿಧಾನಕ್ಕೆ ಹಾರೋಕೆ ಅವರು ಏನು ಮಾಡಿದ್ದಾರೆ ಗೊತ್ತಾ? ವಿಮಾನ ಎಳೆಯೋಕೆ ನಾಲ್ಕು ಎಂಜಿನ್, ರೆಕ್ಕೆಯ ಮೇಲೆ ಗಾಳಿ ಊದೋಕೆ ಅಂತಲೇ ಐದನೆಯದು. ಎರಡು ಫ್ಲೋಟ್ ಕಟ್ಟಿದರೆ ಐದನೇ ಎಂಜಿನ್ ತಾನಾಗಿ ಹುಟ್ಟಿಕೊಳ್ಳಲ್ಲ ಸ್ವಾಮಿ.

ಇನ್ನು ಉಪ್ಪುನೀರು. ಅಲ್ಯೂಮಿನಿಯಂಗೂ ಉಪ್ಪಿಗೂ ಇರುವ ಸಂಬಂಧ, ಮರಕ್ಕೂ ಗೆದ್ದಲಿಗೂ ಇರುವಂಥದ್ದು. ಸಮುದ್ರಕ್ಕೆ ಇಳಿದು ಬಂದ ವಿಮಾನವನ್ನು ಪ್ರತಿ ಸಲ ಸಿಹಿನೀರಿನಲ್ಲಿ ತೊಳೀಬೇಕು, ಎಂಜಿನ್ ಸಮೇತ. ನೆಲಕ್ಕೆಂದು ಕಟ್ಟಿದ ವಿಮಾನದ ಸಾವಿರಾರು ಸಂದುಗಳಲ್ಲಿ ಎಲ್ಲೆಲ್ಲಿ ಉಪ್ಪು ಕೂರುತ್ತೆ ಅಂತ ಯಾರು ಹುಡುಕೋದು? ಅದರ ಹಿಂದಿನ ದೊಡ್ಡ ಇಳಿಜಾರು ಬಾಗಿಲು ಇದೆಯಲ್ಲ, ಹರ್ಕ್ಯುಲಿಸ್‌ನ ಜೀವಾಳವೇ ಅದು, ಜೀಪನ್ನು ನೇರವಾಗಿ ಓಡಿಸಿಕೊಂಡು ಒಳಗೆ ಹೋಗಬಹುದು. ಫ್ಲೋಟಿನ ಮೇಲೆ ಕೂತ ವಿಮಾನದಲ್ಲಿ ಆ ಬಾಗಿಲು ತೆರೆದರೆ ಎದುರಿಗೆ ಇರುವುದು ಅಲೆ. ಜೀಪ್ ಎಲ್ಲಿಗೆ ಓಡಿಸ್ತೀರಿ?

"ಹಾಗಾದರೆ ಇದುವರೆಗೆ ಯಾರೂ ಮಾಡೇ ಇಲ್ವಾ?" ಅಂತ ಕೇಳಬಹುದು. ಮಾಡಿದ್ದಾರೆ. ಅದೇ ನನ್ನ ಮುಖ್ಯ ಸಾಕ್ಷಿ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಯುಂಕರ್ಸ್ 52 ಸರಕು ವಿಮಾನಕ್ಕೆ ಫ್ಲೋಟ್ ಹಾಕಿ 1940ರಲ್ಲಿ ನಾರ್ವೆಯ ಕಡಲತೋಳುಗಳಲ್ಲಿ ಇಳಿಸಿದರು. ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಅದರ ತೂಕ ಹತ್ತು ಟನ್ ಆಸುಪಾಸು, ಇಳಿದದ್ದು ಬೆಟ್ಟಗಳ ನಡುವಿನ ಶಾಂತ ನೀರಿನಲ್ಲಿ. ಇವತ್ತಿಗೂ ಮಾಲ್ಡೀವ್ಸ್‌ನಲ್ಲಿ ಟ್ವಿನ್ ಆಟರ್ ಅನ್ನುವ ವಿಮಾನಗಳು ಫ್ಲೋಟಿನ ಮೇಲೆ ದಿನವಿಡೀ ಓಡಾಡುತ್ತವೆ. ತೂಕ ಆರು ಟನ್ನಿಗೂ ಕಡಿಮೆ, ಇಳಿಯುವುದು ಹವಳದ ಗೋಡೆಯ ಒಳಗಿನ ಕೊಳದಂಥ ನೀರಿನಲ್ಲಿ. ಚಿಕ್ಕದಕ್ಕೆ, ಶಾಂತ ನೀರಿಗೆ, ಫ್ಲೋಟ್ ಅಡ್ಡಿಯಿಲ್ಲ. ಇದನ್ನು ನಾನು ಅಲ್ಲಗಳೆಯುತ್ತಿಲ್ಲ.

ಅದೇ ಯುದ್ಧದಲ್ಲಿ ಅಮೆರಿಕದವರು ಡಕೋಟಾ ವಿಮಾನಕ್ಕೆ, ಅಂದರೆ ಸಿ-47ಕ್ಕೆ, ಎಡೋ ಕಂಪನಿಯ ಗಾಲಿಸಹಿತ ಫ್ಲೋಟ್ ಹಾಕಿದರು. ಎಕ್ಸ್‌ಸಿ-47ಸಿ ಅಂತ ಹೆಸರು. ಜಾಗ ಹಾಳಾಗಬಾರದು ಅಂತ ಫ್ಲೋಟಿನೊಳಗೇ ಇಂಧನದ ಟ್ಯಾಂಕ್ ಇಟ್ಟರು. ಎಂಜಿನಿಯರಿಂಗ್ ದೃಷ್ಟಿಯಿಂದ ಸೊಗಸಾದ ಕೆಲಸ, ಹಾರಿತು, ತೇಲಿತು. ಆಮೇಲೆ? ಡಕೋಟಾಗಳು ಹತ್ತು ಸಾವಿರದ ಲೆಕ್ಕದಲ್ಲಿ ತಯಾರಾದವು, ಫ್ಲೋಟಿನವು ಕೈಬೆರಳೆಣಿಕೆಯಲ್ಲೇ ಮುಗಿದವು. ಇಡೀ ಪೆಸಿಫಿಕ್ ಸಾಗರವೇ ರಣರಂಗವಾಗಿದ್ದಾಗ, ದ್ವೀಪ ದ್ವೀಪಕ್ಕೂ ಸಾಮಾನು ಬೇಕಾಗಿದ್ದಾಗ, ಅದೇ ಸೇನೆ ಇದನ್ನು ಬೇಡ ಅಂದಿತು. ಅದಕ್ಕಿಂತ ಒಳ್ಳೇ ಪರೀಕ್ಷೆ ಇನ್ನೊಂದು ಇರೋಕೆ ಸಾಧ್ಯವಾ?

1950ರ ದಶಕದಲ್ಲಿ ಸ್ಟ್ರೌಕಾಫ್ ಅನ್ನುವ ಕಂಪನಿ ಇನ್ನೂ ಮುಂದೆ ಹೋಯಿತು. ಸಿ-123 ಸರಕು ವಿಮಾನದ ಹೊಟ್ಟೆಯನ್ನೇ ನೀರು ನುಗ್ಗದಂತೆ ಮುಚ್ಚಿ, ಕೆಳಗೆ ಹಲಗೆ ಥರದ ಸ್ಕೀ, ರೆಕ್ಕೆಯ ತುದಿಗೆ ಚಿಕ್ಕ ಫ್ಲೋಟ್. ನೆಲ, ನೀರು, ಹಿಮ, ಮರಳು, ಎಲ್ಲಿ ಬೇಕಾದರೂ ಇಳಿಯುತ್ತೆ ಅಂದರು. ಇಳಿಯಿತೂ ಕೂಡ. ವಾಯುಪಡೆ ಪರೀಕ್ಷೆ ಮಾಡಿ, ಬೆನ್ನು ತಟ್ಟಿ, ಖರೀದಿ ಮಾಡದೆ ಮನೆಗೆ ಕಳಿಸಿತು.

ನನಗೆ ಬಹಳ ಇಷ್ಟದ ಉದಾಹರಣೆ ಇನ್ನೊಂದಿದೆ, ನೀರಿನದಲ್ಲ, ಹಡಗಿನದು. 1963ರಲ್ಲಿ ಲೆಫ್ಟಿನೆಂಟ್ ಜೇಮ್ಸ್ ಫ್ಲಾಟ್ಲಿ ಅನ್ನುವ ಅಮೆರಿಕನ್ ನೌಕಾಪಡೆಯ ಪೈಲಟ್, ಫಾರೆಸ್ಟಲ್ ಅನ್ನುವ ವಿಮಾನವಾಹಕ ಹಡಗಿನ ಮೇಲೆ ಇದೇ ಹರ್ಕ್ಯುಲಿಸನ್ನು ಇಳಿಸಿದ. ಕೊಕ್ಕೆ ಇಲ್ಲ, ಹಗ್ಗ ಇಲ್ಲ, ಸುಮ್ಮನೆ ಬ್ರೇಕು. ಒಂದು ಸಲ ಅಲ್ಲ, 21 ಸಲ ನಿಲ್ಲಿಸಿ ಮತ್ತೆ ಮೇಲೇರಿಸಿದ. ಎಂಥಾ ಗಂಡೆದೆ! ಆದರೂ ನೌಕಾಪಡೆ ಹರ್ಕ್ಯುಲಿಸನ್ನು ಹಡಗಿನ ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಹಡಗಿಗಾಗಿಯೇ ರೂಪಿಸಿದ, ಅದಕ್ಕಿಂತ ಚಿಕ್ಕ ಸಿ-2 ಗ್ರೇಹೌಂಡ್ ತಂದುಕೊಂಡಿತು. ಯಾಕೆ? "ಆಗುತ್ತಾ?" ಅನ್ನುವ ಪ್ರಶ್ನೆಗೂ "ದಿನಾ ಆಗುತ್ತಾ?" ಅನ್ನುವ ಪ್ರಶ್ನೆಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತಿತ್ತು. ನಮ್ಮ ಫಾರ್ವರ್ಡ್ ವೀರರಿಗೆ ಗೊತ್ತಿರುವುದು ಮೊದಲ ಪ್ರಶ್ನೆ ಮಾತ್ರ.

ಹಾಗಾದರೆ ನೆಲಕ್ಕೂ ನೀರಿಗೂ ನಿಜವಾಗಿ ಒಗ್ಗಿದ ದೊಡ್ಡ ವಿಮಾನಗಳು ಹೇಗೆ ಬಂದವು? ಇಲ್ಲೇ ಇರೋದು ಸ್ವಾರಸ್ಯ. ಅವು ದೋಣಿಯಿಂದ ಶುರುವಾದವು.

ಕ್ಯಾಟಲೀನಾ ನೋಡಿ. ಮೊದಲು ಬರೀ ಹಾರುವ ದೋಣಿ, ಗಾಲಿಯೇ ಇರಲಿಲ್ಲ. ತಳ ನೀರಿಗೆ ಹೇಳಿಮಾಡಿಸಿದ್ದು. 1939ರಲ್ಲಿ ಅದಕ್ಕೆ ಒಳಗೆಳೆದುಕೊಳ್ಳುವ ಗಾಲಿ ಸೇರಿಸಿ ಪಿಬಿವೈ-5ಎ ಮಾಡಿದರು. ಯುದ್ಧದುದ್ದಕ್ಕೂ ಸಮುದ್ರಕ್ಕೆ ಬಿದ್ದ ಸಾವಿರಾರು ಜನರನ್ನು ಎತ್ತಿಕೊಂಡು ಬಂದದ್ದು ಕ್ಯಾಟಲೀನಾಗಳೇ. ಇದಕ್ಕೂ ನಮ್ಮೂರಿಗೂ ಒಂದು ನಂಟಿದೆ, ಬಹಳ ಜನಕ್ಕೆ ಗೊತ್ತಿಲ್ಲ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇವತ್ತಿನ ನಮ್ಮ ಎಚ್‌ಎಎಲ್, 1943ರಲ್ಲಿ ಅಮೆರಿಕನ್ ಸೇನೆಯ ಕೈಗೆ ಹೋಗಿ ದುರಸ್ತಿ ಕೇಂದ್ರವಾಯಿತು. ಅಲ್ಲಿ ಪೂರ್ತಿ ಬಿಚ್ಚಿ ಸರಿಮಾಡಿದ ಮೊದಲ ವಿಮಾನವೇ ಒಂದು ಕ್ಯಾಟಲೀನಾ. ಅವು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು ಅಂತ ಹಳೇ ಬೆಂಗಳೂರಿನವರು ಹೇಳುತ್ತಾರೆ. ನೊರೆಗೂ ಬೆಂಕಿಗೂ ಸುದ್ದಿಯಾದ ಅದೇ ಬೆಳ್ಳಂದೂರು ಕೆರೆ! ಇರಲಿ, ಅದರ ಬಗ್ಗೆ ಬರೆಯೋಕೆ ಹೋದರೆ ಬೇರೆಯೇ ಪುರಾಣವಾಗುತ್ತೆ.

ಜಪಾನಿನದೂ ಇದೇ ಕಥೆ. 1967ರಲ್ಲಿ ಹಾರಿದ ಪಿಎಸ್-1 ಜಲಾಂತರ್ಗಾಮಿ ಬೇಟೆಗೆ ಮಾಡಿದ ಹಾರುವ ದೋಣಿ. 1974ರಲ್ಲಿ ಅದಕ್ಕೆ ಸರಿಯಾದ ಗಾಲಿಗಳನ್ನು ಕೊಟ್ಟು ಯುಎಸ್-1 ಮಾಡಿದರು, ರಕ್ಷಣಾ ಕಾರ್ಯಕ್ಕೆ. ಅದನ್ನೇ ತಿದ್ದಿ ತೀಡಿ 2003ರಲ್ಲಿ ಹಾರಿಸಿದ್ದು ಯುಎಸ್-2. ಮೂರು ಮೀಟರ್ ಎತ್ತರದ ಅಲೆಗಳಿದ್ದರೂ ಇಳಿಯಬಲ್ಲದು ಅಂತ ತಯಾರಕರು ಹೇಳುತ್ತಾರೆ. ಬರೀ ಹೇಳಿಕೆಯಲ್ಲ. 2013ರ ಜೂನಿನಲ್ಲಿ ಜಪಾನಿನ ಒಬ್ಬ ಟೀವಿ ನಿರೂಪಕ ಮತ್ತು ಒಬ್ಬ ಅಂಧ ನಾವಿಕ ಚಿಕ್ಕ ಹಾಯಿದೋಣಿಯಲ್ಲಿ ಪೆಸಿಫಿಕ್ ದಾಟಲು ಹೊರಟು, ತೀರದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ ದೋಣಿ ಮುಳುಗಿ ಲೈಫ್‌ಬೋಟಿನಲ್ಲಿ ತೇಲುತ್ತಿದ್ದರು. ಹೆಲಿಕಾಪ್ಟರಿಗೆ ಅಷ್ಟು ದೂರ ಎಟುಕಲ್ಲ. ಹಡಗು ಬರುವಷ್ಟರಲ್ಲಿ ಏನಾಗುತ್ತಿತ್ತೋ. ಯುಎಸ್-2 ಹೋಗಿ ಸಮುದ್ರಕ್ಕೆ ಇಳಿದು ಇಬ್ಬರನ್ನೂ ಎತ್ತಿಕೊಂಡು ಅದೇ ದಿನ ವಾಪಸು ಬಂತು.

ಈಗ ಒಂದು ಮಜಾ ಕೇಳಿ. ಯುಎಸ್-2ಕ್ಕೆ ಇರುವ ನಾಲ್ಕು ಎಂಜಿನ್ ಯಾವುದು? ರೋಲ್ಸ್ ರಾಯ್ಸ್ ಎಇ 2100. ಸಿ-130ಜೆಗೆ ಇರುವುದು ಯಾವುದು? ಅದೂ ರೋಲ್ಸ್ ರಾಯ್ಸ್ ಎಇ 2100! ಒಂದೇ ಕುಟುಂಬದ ಎಂಜಿನ್, ಎರಡಕ್ಕೂ ಡೌಟಿ ಕಂಪನಿಯ ಆರು ಎಸಳಿನ ಪ್ರೊಪೆಲ್ಲರ್. ಬೇರೆ ಇರೋದು ಹೊಟ್ಟೆ ಮತ್ತು ರೆಕ್ಕೆ. ಚೀನಾದವರೂ ಇದನ್ನೇ ಮಾಡಿದ್ದು. ಅವರ ಎಜಿ600 ಉಭಯಚರ ವಿಮಾನಕ್ಕೆ ತಮ್ಮ ವೈ-8 ಸರಕು ವಿಮಾನದ ಎಂಜಿನ್ ವಂಶವನ್ನೇ ಹಾಕಿಕೊಂಡರು, ದೇಹವನ್ನು ಮಾತ್ರ ನೀರಿಗಾಗಿ ಹೊಸದಾಗಿ ಮಾಡಿದರು. 2017ರಲ್ಲಿ ನೆಲದಿಂದ, 2018ರಲ್ಲಿ ಜಲಾಶಯದಿಂದ, 2020ರಲ್ಲಿ ಸಮುದ್ರದಿಂದ ಹಾರಿಸಿ, 2025ರಲ್ಲಿ ಪ್ರಮಾಣಪತ್ರವನ್ನೂ ಪಡೆದರು. ಅಂದರೆ ಸರಕು ವಿಮಾನದಿಂದ ಎರವಲು ತರಬೇಕಾದದ್ದು ಎಂಜಿನ್, ಪ್ರೊಪೆಲ್ಲರ್, ಮೆಕ್ಯಾನಿಕ್‌ಗಳ ಅನುಭವ. ಹೊಟ್ಟೆಯನ್ನಲ್ಲ. "ಇರೋದನ್ನೇ ಬಳಸಿಕೊಳ್ಳಿ" ಅನ್ನುವವರಿಗೆ ನನ್ನ ಉತ್ತರ ಇದೇ: ಬಳಸಿಕೊಳ್ಳಿ, ಆದರೆ ಯಾವ ಭಾಗ ಅಂತ ಗೊತ್ತಿರಲಿ.

ಹಾರುವ ದೋಣಿಗಳಲ್ಲೂ ಹುಳುಕಿದೆ, ಮುಚ್ಚಿಡಲ್ಲ. ಯುಎಸ್-2 ವಿಪರೀತ ದುಬಾರಿ, ಜಪಾನೇ ಬೆರಳೆಣಿಕೆಯಷ್ಟು ಮಾಡಿಸಿಕೊಂಡಿದೆ. 2015ರಲ್ಲಿ ಒಂದು ಯುಎಸ್-2 ತರಬೇತಿಯ ವೇಳೆ ಸಮುದ್ರದಲ್ಲೇ ಅಪಘಾತಕ್ಕೆ ಸಿಕ್ಕಿ ಮುಳುಗಿತು. ಒಳಗಿದ್ದವರೆಲ್ಲ ಬದುಕಿದರು. ಐವತ್ತು ವರ್ಷದ ಅನುಭವ, ನೀರಿಗೆಂದೇ ಮಾಡಿದ ತಳ, ಐದನೇ ಎಂಜಿನ್, ಇಷ್ಟೆಲ್ಲ ಇದ್ದೂ ಸಮುದ್ರ ಕ್ಷಮಿಸಲಿಲ್ಲ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ, ಲಿಬರ್ಟಿ ಲಿಫ್ಟರ್ ಅನ್ನುವ ಭಾರಿ ಹಾರುವ ದೋಣಿಯ ಯೋಜನೆಯನ್ನು 2022ರಲ್ಲಿ ಶುರುಮಾಡಿ, 2025ರಲ್ಲಿ ಒಂದನ್ನೂ ಕಟ್ಟದೆ ಮುಗಿಸಿತು. ಹೊಸದಾಗಿ ಮಾಡುವುದೂ ಕಷ್ಟವೇ. ಆದರೆ ಆ ಕಷ್ಟದ ಕೊನೆಯಲ್ಲಿ ಮೂರು ಮೀಟರ್ ಅಲೆಗೆ ಇಳಿಯುವ ವಿಮಾನ ಸಿಗಬಹುದು. ಫ್ಲೋಟ್ ಕಟ್ಟುವ ಕಷ್ಟದ ಕೊನೆಯಲ್ಲಿ ಸಿಗುವುದು, ಸಮುದ್ರ ಶಾಂತವಾಗಿದ್ದ ದಿನ ಇಳಿಯಬಲ್ಲ ವಿಮಾನ. ಸಮುದ್ರ ಶಾಂತವಾಗಿದ್ದ ದಿನ ಯಾರೂ ಮುಳುಗಲ್ಲ!

ಇದನ್ನೆಲ್ಲ ಇಷ್ಟುದ್ದ ಯಾಕೆ ಕೊರೀತಿದ್ದೀನಿ ಅಂದರೆ, ನಮ್ಮಲ್ಲಿ ಇದು ಬರೀ ಹರಟೆಯ ವಿಷಯ ಅಲ್ಲ.

ನಮ್ಮ ನೌಕಾಪಡೆಯ ಮೊಟ್ಟಮೊದಲ ವಿಮಾನ ಯಾವುದು ಗೊತ್ತಾ? 1953ರಲ್ಲಿ ಕೊಚ್ಚಿಗೆ ಬಂದ ಶಾರ್ಟ್ ಸೀಲ್ಯಾಂಡ್, ಅದು ಉಭಯಚರ ವಿಮಾನ. ಅವು ನಿವೃತ್ತಿಯಾದ ಮೇಲೆ ಆ ಜಾಗ ಖಾಲಿಯಾಗಿಯೇ ಉಳಿಯಿತು. 2013ರಲ್ಲಿ ಭಾರತ-ಜಪಾನ್ ಜಂಟಿ ಹೇಳಿಕೆಯಲ್ಲಿ ಯುಎಸ್-2ರ ಮಾತು ಬಂತು, ಜಂಟಿ ಕಾರ್ಯಪಡೆ ಅಂದರು, ಬೆಲೆ ಜಾಸ್ತಿ ಅಂದರು, ತಂತ್ರಜ್ಞಾನ ಕೊಡಿ ಅಂದರು, ವರ್ಷಗಟ್ಟಲೆ ಎಳೆದಾಡಿ ಮಾತು ಮಾತಾಗಿಯೇ ಉಳಿಯಿತು. ಬೆಲೆ ಜಾಸ್ತಿ ಅಂತ ಬೇಡ ಅನ್ನುವುದು ಒಂದು ತೀರ್ಮಾನ, ಅದನ್ನು ಗೌರವಿಸ್ತೀನಿ. ಆದರೆ ತೀರ್ಮಾನ ಮಾಡದೇ ಇರೋದಕ್ಕೆ ಯಾವಾಗಲೂ ಒಂದು ನೆಪ ಬೇಕು. "ನಮ್ಮ ಹತ್ತಿರ ಇರೋ ಹರ್ಕ್ಯುಲಿಸ್‌ಗೇ ಫ್ಲೋಟ್ ಕಟ್ಟಬಹುದಲ್ಲ" ಅನ್ನುವುದಕ್ಕಿಂತ ಒಳ್ಳೇ ನೆಪ ಯಾವುದಿದೆ? ಕೇಳೋಕೆ ಜಾಣತನ, ಮಾಡೋಕೆ ಏನೂ ಇಲ್ಲ.

ನಮ್ಮ ವಾಯುಪಡೆಯಲ್ಲಿ ಸಿ-130ಜೆ ಇರುವುದೇ ಒಂದು ಡಜನ್ ಆಸುಪಾಸು. 2013ರಲ್ಲಿ ಲಡಾಖಿನ ದೌಲತ್ ಬೇಗ್ ಓಲ್ಡಿಯಲ್ಲಿ, ಹದಿನಾರು ಸಾವಿರ ಅಡಿಗೂ ಮೇಲಿನ ಮಣ್ಣಿನ ರನ್‌ವೇಯಲ್ಲಿ ಇಳಿದು ಬಂದ ವಿಮಾನ ಅದು. ಆ ಕೆಲಸಕ್ಕೆ ಅದಕ್ಕೆ ಸಾಟಿಯಿಲ್ಲ. ಬೆಟ್ಟ ಹತ್ತುವ ಲಾರಿಯನ್ನು ತಂದು ಉಪ್ಪುನೀರಿಗೆ ಇಳಿಸಿ, ಬೆಟ್ಟಕ್ಕೂ ಇಲ್ಲ ಸಮುದ್ರಕ್ಕೂ ಇಲ್ಲ ಅನ್ನುವ ಹಾಗೆ ಮಾಡಬೇಕಾ?

2017ರ ನವೆಂಬರ್ ಕೊನೆಗೆ ಓಖಿ ಚಂಡಮಾರುತ ಬಂದಾಗ ಕೇರಳ, ತಮಿಳುನಾಡಿನ ನೂರಾರು ಮೀನುಗಾರರು ಸತ್ತರು ಇಲ್ಲವೇ ಕಾಣೆಯಾದರು. ಹಡಗು, ಹೆಲಿಕಾಪ್ಟರ್, ಡಾರ್ನಿಯರ್ ವಿಮಾನ ಎಲ್ಲ ಹುಡುಕಿದವು. ಆದರೆ ಗಾಲಿಯ ವಿಮಾನ ಮೇಲಿಂದ ನೋಡಬಹುದು, ಲೈಫ್‌ಬೋಟ್ ಎಸೆಯಬಹುದು, ಎತ್ತಿಕೊಳ್ಳಲಾರದು. ಹೆಲಿಕಾಪ್ಟರ್ ಎತ್ತಿಕೊಳ್ಳಬಹುದು, ದೂರ ಹೋಗಲಾರದು. ಹಡಗು ದೂರ ಹೋಗಬಹುದು, ಬೇಗ ಹೋಗಲಾರದು. ಈ ಮೂರರ ನಡುವೆ ಒಂದು ಖಾಲಿ ಜಾಗ ಇದೆ. ಚಂಡಮಾರುತ ನಡೆಯುತ್ತಿರುವಾಗ ಯಾವ ವಿಮಾನವೂ ಇಳಿಯಲಾರದು, ಯುಎಸ್-2 ಕೂಡ. ನಾನು ಹೇಳ್ತಿರೋದು ಅದರ ಮರುದಿನದ, ಮೂರನೇ ದಿನದ ಸಮುದ್ರದ ಬಗ್ಗೆ. ಆಗಲೂ ಅಲೆ ಇರುತ್ತೆ, ಆದರೆ ತೇಲುತ್ತಿರುವ ಮನುಷ್ಯನೂ ಇರುತ್ತಾನೆ.

ಲಕ್ಷದ್ವೀಪವನ್ನೂ ನೋಡಿ. ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ತರಕಾರಿ, ದಿನಸಿ, ಜಲ್ಲಿ ಹೊತ್ತ ಮಂಜಿಗಳು ಅಲ್ಲಿಗೆ ಹೋಗುತ್ತವೆ. ಜನ ವಾಸಿಸುವ ಹತ್ತು ದ್ವೀಪಗಳಿಗೆ ವಿಮಾನ ನಿಲ್ದಾಣ ಒಂದೇ, ಅಗತ್ತಿಯಲ್ಲಿ. ಉಳಿದ ಕಡೆ ಹೆರಿಗೆ ಕಷ್ಟವಾದರೆ, ಎದೆನೋವು ಬಂದರೆ, ಹೆಲಿಕಾಪ್ಟರಿಗೆ ಕಾಯಬೇಕು. ಅಲ್ಲಿಗೆ ಬೇಕಾದದ್ದು ಏನು? ಹವಳದ ಗೋಡೆಯೊಳಗಿನ ಶಾಂತ ನೀರಿಗೆ ಇಳಿಯುವ ಟ್ವಿನ್ ಆಟರ್‌ನಂಥ ಚಿಕ್ಕ ವಿಮಾನ. 2020ರಲ್ಲಿ ಗುಜರಾತಿನ ಸಾಬರಮತಿಯಿಂದ ಏಕತಾ ಪ್ರತಿಮೆಗೆ ಅಂಥದ್ದೇ ಒಂದನ್ನು ಭಾರಿ ಸದ್ದಿನಿಂದ ಶುರುಮಾಡಿ, ಮರುವರ್ಷವೇ ನಿಲ್ಲಿಸಿದ್ದು ನೆನಪಿರಬಹುದು. ಪ್ರತಿಮೆ ನೋಡೋಕೆ ರಸ್ತೆ ಇತ್ತು, ರೈಲೂ ಬಂತು. ರಸ್ತೆ ಇಲ್ಲದ ಕಡೆಗೆ ಯಾಕೆ ಕಳಿಸಲಿಲ್ಲ ಅಂತ ಕೇಳಿದವರು ಕಮ್ಮಿ.

ಹಾಗಾಗಿ ನನ್ನ ಲೆಕ್ಕ ಸರಳ. ಶಾಂತ ನೀರಿಗೆ ಚಿಕ್ಕ ವಿಮಾನ ಮತ್ತು ಫ್ಲೋಟ್. ತೆರೆದ ಸಮುದ್ರಕ್ಕೆ ನೀರಿಗೆಂದೇ ಮಾಡಿದ ಹಾರುವ ದೋಣಿ, ಅದಕ್ಕೆ ಗಾಲಿ. ಎಪ್ಪತ್ತು ಟನ್ನಿನ ಸರಕು ವಿಮಾನದ ಕೆಳಗೆ ಇಪ್ಪತ್ತೊಂದು ಟ್ಯಾಂಕರ್? ಅದು ಎರಡಕ್ಕೂ ಆಗಲ್ಲ. ಎರಡನ್ನೂ ಕೊಳ್ಳುವಷ್ಟು ದುಡ್ಡಿಲ್ಲ ಅಂದರೆ ಹಾಗಂತಲೇ ಹೇಳಿ, ಒಂದನ್ನು ಆರಿಸಿ. ಅದು ಪ್ರಾಮಾಣಿಕತೆ. ಇಲ್ಲದ ಮೂರನೆಯದನ್ನು ತೋರಿಸಿ ಎರಡನ್ನೂ ಮುಂದೂಡೋದು ಜಾಣತನ ಅಲ್ಲ, ಕಾಲಹರಣ.

"ನೀವು ಬರೀ ಆಗಲ್ಲ ಆಗಲ್ಲ ಅಂತೀರಿ, ಇಂಥವರಿಂದಲೇ ದೇಶ ಹಿಂದೆ ಬಿದ್ದಿರೋದು" ಅಂತ ಕಾಮೆಂಟು ಬರುತ್ತೆ, ಗೊತ್ತು. ಬರಲಿ. ಜುಗಾಡ್ ಅನ್ನುವುದನ್ನು ನಾವು ಈಚೆಗೆ ದೇವರ ಪಟದ ಪಕ್ಕದಲ್ಲಿಟ್ಟು ಪೂಜೆ ಮಾಡೋಕೆ ಶುರುಮಾಡಿದ್ದೀವಿ. ಪಂಪ್‌ಸೆಟ್ಟಿನ ಎಂಜಿನ್ನಿಗೆ ನಾಲ್ಕು ಗಾಲಿ ಹಾಕಿ ಗಾಡಿ ಮಾಡಿಕೊಂಡ ರೈತನ ಬಗ್ಗೆ ನನಗೂ ಗೌರವ ಇದೆ. ಅವನಿಗೆ ಬೇರೆ ದಾರಿ ಇರಲಿಲ್ಲ, ಗಾಡಿ ನಿಂತರೆ ಇಳಿದು ತಳ್ಳುತ್ತಾನೆ. ಸಾವಿರ ಕಿಲೋಮೀಟರ್ ದೂರದ ಸಮುದ್ರದಲ್ಲಿ ಇಳಿದು ತಳ್ಳೋಕಾಗಲ್ಲ.

ಓದುವ ಮಿತ್ರರಲ್ಲಿ ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದ ಕಡೆಯವರು ಬಹಳ ಜನ ಇದ್ದೀರಿ. ನಿಮ್ಮ ಮನೆಯವರೋ ನೆರೆಯವರೋ ಆಳಸಮುದ್ರದ ಮೀನುಗಾರಿಕೆಗೆ ಹೋಗುವವರಿದ್ದರೆ ಅವರನ್ನು ಕೇಳಿ ಬರೆಯಿರಿ: ತೀರದಿಂದ ಎಷ್ಟು ದೂರ ಹೋಗ್ತಾರೆ, ತೊಂದರೆ ಆದರೆ ಸುದ್ದಿ ಮುಟ್ಟೋಕೆ ಎಷ್ಟು ಹೊತ್ತು, ಸಹಾಯ ಬರೋಕೆ ಎಷ್ಟು ಹೊತ್ತು. ಎಂಜಿನ್ ಬಗ್ಗೆ, ರೆಕ್ಕೆ ಬಗ್ಗೆ ನಾವು ಇಲ್ಲಿ ಕೂತು ಎಷ್ಟು ಬೇಕಾದರೂ ಜಗಳ ಆಡಬಹುದು. ವಿಮಾನ ಯಾವುದಾಗಬೇಕು ಅಂತ ತೀರ್ಮಾನ ಮಾಡಬೇಕಾದದ್ದು ಆ ಮೂರು ಉತ್ತರಗಳು.